ಮೂರು ಮನೆಯವರು ಸೇರಿ ಕಲಾಕೇಂದ್ರಕ್ಕೆ: ತಿಗರಿ, ಕೈಮಣ್ಣು, ಮಡಕೆಗೆ ಬಣ್ಣ, ಬಟ್ಟೆಗೆ ಅಚ್ಚು – ಯಾವುದು ಯಾರಿಗೆ? ಊಟ ಯಾವಾಗ?

ಕಲೆಯೂ ಊಟವೂ ಒಂದೇ ಆವರಣದಲ್ಲಿ ಸಿಗುವ ಕೇಂದ್ರಕ್ಕೆ ಸ್ನೇಹಿತರ ಕುಟುಂಬಗಳೊಂದಿಗೆ ಹೊರಟರೆ ಬಾಗಿಲಲ್ಲೇ ಎರಡು ಪ್ರಶ್ನೆ ಏಳುತ್ತವೆ. ಮಕ್ಕಳ ಕೈಗೆ ಯಾವ ಕೆಲಸ ಕೊಡಿಸೋದು? ಊಟ ಮೊದಲೋ, ಕೆಲಸ ಮೊದಲೋ? ಇವೆರಡನ್ನು ಬೇರೆ ಬೇರೆಯಾಗಿ ತೀರ್ಮಾನಿಸಿದರೆ ಅರ್ಧ ದಿನ ಕಾಯುವುದರಲ್ಲೇ ಹೋಗುತ್ತದೆ. ಮಣ್ಣು, ಬಣ್ಣ, ಬಟ್ಟೆ ಪ್ರತಿಯೊಂದಕ್ಕೂ ಒಣಗಲು ತನ್ನದೇ ಹೊತ್ತು ಬೇಕು. ಊಟವನ್ನು ಆ ಹೊತ್ತಿನೊಳಗೆ ಕೂರಿಸಬೇಕು. ಅದಕ್ಕೇ ಯಾವ ಕೆಲಸ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಿ.

ಇಲ್ಲಿರುವ ಹೋಲಿಕೆ 6 ದೊಡ್ಡವರು, 5 ಮಕ್ಕಳಿರುವ ಗುಂಪಿನ ಲೆಕ್ಕದ್ದು. ಮಕ್ಕಳು 4ರಿಂದ 12 ವರ್ಷದವರು. ಎಲ್ಲ ಕೆಲಸಗಳನ್ನೂ, ಊಟದ ಮೂರೂ ಕ್ರಮಗಳನ್ನೂ ಮಾಡಿ ನೋಡಿಯೇ ಬರೆಯುತ್ತಿದ್ದೇವೆ.

ತಿಗರಿಯೋ, ಕೈಯಲ್ಲೇ ಮಣ್ಣು ತಿದ್ದುವುದೋ

ಎಲ್ಲರ ಕಣ್ಣು ಮೊದಲು ಬೀಳುವುದು ತಿರುಗುವ ತಿಗರಿಯ, ಅಂದರೆ ಕುಂಬಾರರ ಚಕ್ರದ ಮೇಲೆ. ಗುಂಪಿಗೆ ಅತಿ ಹೆಚ್ಚು ಕಾಯಿಸುವುದೂ ಅದೇ. ಒಂದು ತಿಗರಿಗೆ ಒಬ್ಬರೇ, ಒಬ್ಬರಿಗೆ ಕನಿಷ್ಠ 15 ನಿಮಿಷ ಬೇಕು. ಎರಡು ತಿಗರಿ, ಐದು ಮಕ್ಕಳು ಎಂದರೆ ಮೂರು ಸರದಿ. ಕೊನೆಯ ಮಗು ಅರ್ಧ ಗಂಟೆ ಕಾಯಬೇಕು. ನಡುವೆ ತಿಗರಿ ಒರೆಸುವ ಹೊತ್ತು ಸೇರಿದರೆ ಇನ್ನೂ ಹೆಚ್ಚು. ನಾಲ್ಕು ವರ್ಷದ ಮಗುವಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಇರಬೇಕೆಂದು ಬಯಸುವುದೂ ಸರಿಯಲ್ಲ.

ಹೊಸಬರಿಗೆ 400ರಿಂದ 500 ಗ್ರಾಂ ಮಣ್ಣು ಸಾಕು. ಕಷ್ಟದ ಭಾಗ ಮಡಕೆ ಎತ್ತುವುದಲ್ಲ, ಮಣ್ಣನ್ನು ತಿಗರಿಯ ನಟ್ಟನಡುವೆ ನಿಲ್ಲಿಸುವುದು. ಮೊಣಕೈಯನ್ನು ತೊಡೆಗೆ ಒತ್ತಿ ಹಿಡಿದರೆ ಕೈ ಅಲುಗುವುದಿಲ್ಲ. ಕೈ ಅಲುಗಿದರೆ ಮಣ್ಣು ಓಲಾಡುತ್ತದೆ, ಓಲಾಡುವ ಮಣ್ಣಿನಲ್ಲಿ ಗೋಡೆ ಎತ್ತಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಕೂತಾಗ ಕಾಲು ನೆಲಕ್ಕೆ ತಾಗದ, ಮೊಣಕೈ ತೊಡೆಗೆ ಸಿಗದ ಮಗುವಿಗೆ ಈ ಆಧಾರವೇ ಇಲ್ಲ. ಹಾಗಾಗಿ ಏಳೆಂಟು ವರ್ಷಕ್ಕಿಂತ ಚಿಕ್ಕವರ ಮಡಕೆಯನ್ನು ಬಹುಪಾಲು ಕಲಿಸುವವರೇ ಮಾಡಿಕೊಡುತ್ತಾರೆ. ಮಗುವಿಗೂ ಅದು ಗೊತ್ತಾಗುತ್ತದೆ.

ತಿಗರಿಯಲ್ಲಿ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ನೀರು ಅತಿಯಾಗುವುದು. ಬೆರಳು ಜಾರುವಷ್ಟು ತೇವ ಇದ್ದರೆ ಸಾಕು, ಸುರಿದರೆ ಗೋಡೆ ನೀರು ಕುಡಿದು ಕುಸಿಯುತ್ತದೆ. ಇನ್ನೊಂದು, ಕೈಯನ್ನು ಗಕ್ಕನೆ ಹಿಂದಕ್ಕೆ ಎಳೆಯುವುದು. ತಿರುಗುತ್ತಿರುವ ಅಂಚಿನಿಂದ ಕೈ ನಿಧಾನವಾಗಿ ಬಿಡಿಸಿಕೊಳ್ಳಬೇಕು. ಉದ್ದ ಉಗುರಿದ್ದರೆ ಒಳಗೋಡೆಯಲ್ಲಿ ಗೀರು ಬೀಳುತ್ತದೆ; ಹಿಂದಿನ ದಿನವೇ ಕತ್ತರಿಸಿ.

ಇದಕ್ಕೆ ಎದುರಾಗಿ ಕೈಯಲ್ಲೇ ತಿದ್ದುವ ಬಟ್ಟಲು ನೋಡಿ. 200–250 ಗ್ರಾಂ ಮಣ್ಣು, ಕಿವಿಯ ಹಾಲೆಯಷ್ಟು ಮೆತ್ತಗೆ. ಉಂಡೆ ಮಾಡಿ, ಹೆಬ್ಬೆರಳನ್ನು ನಡುವೆ ಇಳಿಸಿ, ಅಡಿಗೆ ಸುಮಾರು 1 ಸೆಂಟಿಮೀಟರ್ ಬಿಟ್ಟು ನಿಲ್ಲಿಸಬೇಕು. ಆಮೇಲೆ ಉಂಡೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗೋಡೆಯನ್ನು ಅಡಿಯಿಂದ ಮೇಲಕ್ಕೆ ಒತ್ತುತ್ತ ಬರಬೇಕು. ಗೋಡೆ 6–8 ಮಿಲಿಮೀಟರ್‌ಗೆ ಬಂದರೆ ಮುಗಿಯಿತು. ಅಂಚಿನಲ್ಲಿ ಸಣ್ಣ ಬಿರುಕು ಕಂಡರೆ ಒದ್ದೆ ಬೆರಳಿನಿಂದ ಸವರಿ. ಹಿಡಿ, ಕಿವಿ, ಬಾಲ ಅಂಟಿಸುವುದಿದ್ದರೆ ಎರಡೂ ಕಡೆ ಗೀರು ಹಾಕಿ, ಗಟ್ಟಿ ಮೊಸರಿನ ಹದಕ್ಕೆ ಕಲಸಿದ ಮಣ್ಣನ್ನು ಹಚ್ಚಿ ಒತ್ತಬೇಕು. ಗೀರಿಲ್ಲದೆ ಬರೀ ಒತ್ತಿದ ಆನೆಯ ಸೊಂಡಿಲು ಒಣಗುವಾಗ ಕಳಚಿ ಬಿದ್ದೇ ಬೀಳುತ್ತದೆ.

ಇದರಲ್ಲಿ ಹನ್ನೊಂದು ಜನರೂ ಒಂದೇ ಮೇಜಿಗೆ ಕೂತು, ಒಟ್ಟಿಗೆ ಶುರುಮಾಡಿ, ಹೆಚ್ಚುಕಡಿಮೆ ಒಟ್ಟಿಗೆ ಮುಗಿಸಬಹುದು. ಮಾತು ನಡೆಯುತ್ತದೆ, ಅಜ್ಜಿಯೂ ಮೊಮ್ಮಗುವೂ ಪಕ್ಕಪಕ್ಕ ಕೂರುತ್ತಾರೆ. ಸ್ನೇಹಿತರ ಮನೆಯವರ ಜೊತೆ ಹೋಗುವುದೇ ಇದಕ್ಕಲ್ಲವೇ? ಇವೆರಡರಲ್ಲಿ ನಮ್ಮ ಆಯ್ಕೆ ನೇರ: ಮಕ್ಕಳೆಲ್ಲ ಎಂಟು ದಾಟಿದ್ದು, ಮೂವರಿಗೆ ಒಂದಾದರೂ ತಿಗರಿ ಇದ್ದರೆ ತಿಗರಿ. ಉಳಿದೆಲ್ಲ ಸಂದರ್ಭದಲ್ಲೂ ಕೈಮಣ್ಣು.

ಎರಡರಲ್ಲೂ ಇರುವ ಒಂದು ಕೊರತೆಯನ್ನು ಮಕ್ಕಳಿಗೆ ಮೊದಲೇ ಹೇಳಿ: ಮಾಡಿದ್ದು ಅಂದೇ ಕೈಗೆ ಸಿಗುವುದಿಲ್ಲ. ಪೂರ್ತಿ ಒಣಗಲು ವಾರ ಅಥವಾ ಇನ್ನೂ ಹೆಚ್ಚು ಬೇಕು. ಆಮೇಲೆ ಆವಿಗೆಯಲ್ಲಿ (ಮಡಕೆ ಸುಡುವ ಗೂಡು) ಸುಮಾರು 900–1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ಸುಡುವಿಕೆ, ಗ್ಲೇಜ್ (ಸುಟ್ಟಾಗ ಗಾಜಿನಂತೆ ಹೊಳೆಯುವ ಲೇಪ) ಹಚ್ಚಿದರೆ ಎರಡನೆಯದು. ಮೂರು-ನಾಲ್ಕು ವಾರ ಹಿಡಿಯುವುದು ಸಹಜ. ಬೇಗ ಸುಡಿ ಎಂದು ಒತ್ತಾಯ ಮಾಡಬೇಡಿ. ಒಳಗೆ ಉಳಿದ ತೇವ ಆವಿಯಾಗಿ ಮಡಕೆ ಒಡೆಯುತ್ತದೆ, ಪಕ್ಕದವರದ್ದನ್ನೂ ಒಡೆಯುತ್ತದೆ. ಸುಡದ ಬಟ್ಟಲನ್ನು ಹಾಗೇ ಮನೆಗೆ ತಂದರೆ ಅದು ನೋಡುವುದಕ್ಕೆ ಮಾತ್ರ. ನೀರು ಹಾಕಿದರೆ ಕರಗಿ ಕೆಸರಾಗುತ್ತದೆ.

ಸುಟ್ಟ ಮಡಕೆಗೆ ಬಣ್ಣ

ಒಮ್ಮೆ ಸುಟ್ಟು, ಹೊಳಪು ಕೊಡದೆ ಇಟ್ಟಿರುವ ತಟ್ಟೆ, ಲೋಟಗಳಿಗೆ ಬಣ್ಣ ಹಚ್ಚುವುದು ಮೂರನೆಯ ದಾರಿ. ಆಕಾರ ಕೆಡುವ ಭಯವಿಲ್ಲದ್ದರಿಂದ ನಾಲ್ಕು ವರ್ಷದವರಿಂದ ಎಲ್ಲರಿಗೂ ಒಗ್ಗುತ್ತದೆ. ಮೊದಲು ಒದ್ದೆ ಸ್ಪಾಂಜಿನಿಂದ ಧೂಳು ಒರೆಸಿ. ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳಬಹುದು, ಗೆರೆ ಆವಿಗೆಯಲ್ಲಿ ಸುಟ್ಟುಹೋಗುತ್ತದೆ. ಸುಟ್ಟ ಮಣ್ಣು ಬಣ್ಣದ ನೀರನ್ನು ಸರ್ರನೆ ಹೀರುವುದರಿಂದ ಕುಂಚ ನಡುದಾರಿಯಲ್ಲೇ ಒಣಗಿದಂತೆ ಎಳೆಯುತ್ತದೆ. ಒಂದೇ ಬಾರಿ ದಪ್ಪಗೆ ಬಳಿಯದೆ ಎರಡು-ಮೂರು ತೆಳು ಪದರ ಹಚ್ಚಿ. ಬಣ್ಣ ಪೇಲವವಾಗಿ ಕಂಡರೆ ಗಾಬರಿ ಬೇಡ, ಗ್ಲೇಜ್ ಆಗಿ ಸುಟ್ಟ ಮೇಲೆ ಗಾಢವಾಗುತ್ತದೆ.

ಇಲ್ಲಿಯೇ ಊಟದ ಕ್ರಮ ನೇರವಾಗಿ ಕೆಲಸಕ್ಕೆ ಅಡ್ಡ ಬರುವುದು. ಕರಿದ ತಿಂಡಿ ತಿಂದ ಕೈಯಲ್ಲಿ ತಟ್ಟೆ ಹಿಡಿದರೆ ಬೆರಳಿನ ಜಿಡ್ಡು ಸುಟ್ಟ ಮಣ್ಣಿಗೆ ಇಳಿಯುತ್ತದೆ. ಆ ಜಾಗದಲ್ಲಿ ಗ್ಲೇಜ್ ಹಿಡಿಯುವುದಿಲ್ಲ. ಸುಟ್ಟು ಬಂದಾಗ ತಟ್ಟೆಯ ಅಂಚಿನಲ್ಲಿ ಹೆಬ್ಬೆರಳ ಅಗಲಕ್ಕೆ ಗ್ಲೇಜ್ ಹಿಂದೆ ಸರಿದು ಬೋಳು ಮಚ್ಚೆ ಉಳಿದಿರುತ್ತದೆ. ಎಷ್ಟೋ ಮಂದಿ ಅದನ್ನು ಆವಿಗೆಯ ದೋಷ ಎಂದುಕೊಳ್ಳುತ್ತಾರೆ. ಕಾಗದದ ಕರವಸ್ತ್ರದಲ್ಲಿ ಒರೆಸಿದರೆ ಜಿಡ್ಡು ಹೋಗುವುದಿಲ್ಲ, ಸೋಪು ಹಾಕಿಯೇ ತೊಳೆಯಬೇಕು.

ತಟ್ಟೆಯಲ್ಲಿ ತಿನ್ನುವ ಆಸೆ ಇದ್ದರೆ ಅಲ್ಲಿನ ಬಣ್ಣ ಮತ್ತು ಗ್ಲೇಜ್ ಆಹಾರಕ್ಕೆ ಸುರಕ್ಷಿತವೇ ಎಂದು ಬಾಯಿಬಿಟ್ಟು ಕೇಳಿ.

ಬಟ್ಟೆ ಚೀಲಕ್ಕೆ ಅಚ್ಚು

ಅಂದೇ ಕೈಯಲ್ಲಿ ಹಿಡಿದು ಮನೆಗೆ ಬರಬೇಕೆಂದರೆ ಇದೇ. ಹನ್ನೊಂದು ಜನರ ಗುಂಪಿಗೆ ನಮ್ಮ ಮೊದಲ ಶಿಫಾರಸೂ ಇದೇ.

ಮೇಜು ಬರೀ ಹಲಗೆಯಾಗಿದ್ದರೆ ಅಚ್ಚು ಅರ್ಧ ಮೂಡುತ್ತದೆ, ಅರ್ಧ ಮೂಡುವುದಿಲ್ಲ. ಕೆಳಗೆ ಮೂರು-ನಾಲ್ಕು ಮಡಿಕೆ ಕಂಬಳಿ ಬೇಕು. ಚೀಲದೊಳಗೆ ರಟ್ಟು ತೂರಿಸಿ, ಇಲ್ಲದಿದ್ದರೆ ಬಣ್ಣ ಹಿಂಬದಿಗೂ ಇಳಿಯುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ; ತೊಳೆದು ಒಣಗಿಸಿದ ಚೀಲವೇ ಎಂದು ಕೇಳಿ, ಅಲ್ಲವಾದರೆ ಮೊದಲ ಒಗೆತಕ್ಕೇ ಬಣ್ಣ ಮಂಕಾಗುತ್ತದೆ. ಅಚ್ಚನ್ನು ಬಣ್ಣದ ಸ್ಪಾಂಜಿಗೆ ಮೆತ್ತಗೆ ಎರಡು ಬಾರಿ ತಟ್ಟಿ, ಬಟ್ಟೆಯ ಮೇಲಿಟ್ಟು, ಅಂಗೈಯ ಬುಡದಿಂದ ಎರಡು-ಮೂರು ಸೆಕೆಂಡು ಒತ್ತಿ, ನೇರ ಮೇಲಕ್ಕೆ ಎತ್ತಬೇಕು. ಓರೆಯಾಗಿ ಎತ್ತಿದರೆ ಎಲೆಯ ತುದಿಗೆ ಬಾಲ ಬರುತ್ತದೆ. ಬಣ್ಣ ಹೆಚ್ಚಾದರೆ ಕೆತ್ತನೆಯ ಸಣ್ಣ ಗೆರೆಗಳು ತುಂಬಿ ಹೂವಿನ ಬದಲು ಒಂದು ಗುಂಡು ಕಲೆ ಮೂಡುತ್ತದೆ. ಆಗ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಚ್ಚು ಉಜ್ಜಿ, ಒರೆಸಿ, ಮತ್ತೆ ಶುರುಮಾಡಿ. ಮರದ ಅಚ್ಚನ್ನು ನೀರಿನಲ್ಲಿ ನೆನೆಹಾಕಲು ಮಕ್ಕಳನ್ನು ಬಿಡಬೇಡಿ, ಉಬ್ಬಿ ಬಿರುಕು ಬಿಡುತ್ತದೆ. ಅಂಗಿಗೆ ಬಣ್ಣ ತಾಗಿದರೆ ಹಸಿ ಇರುವಾಗಲೇ ತೊಳೆಯಿರಿ. ಒಣಗಿದ ಮೇಲೆ ಅದು ಹೋಗುವ ಬಣ್ಣವಲ್ಲ.

ಮುಟ್ಟಿದರೆ ಅಂಟದಷ್ಟು ಒಣಗಲು 30ರಿಂದ 60 ನಿಮಿಷ ಬೇಕು. ಊಟಕ್ಕೆ ಹೇಳಿಮಾಡಿಸಿದ ಹೊತ್ತು.

ಕ್ಯಾನ್ವಾಸ್ ಮೇಲೆ ಚಿತ್ರ ಬಿಡಿಸುವುದನ್ನು ಮಿಶ್ರ ಗುಂಪಿಗೆ ಹೇಳುವುದಿಲ್ಲ. ಮಕ್ಕಳು ಕಾಲು ಗಂಟೆಗೆ ಮುಗಿಸುತ್ತಾರೆ, ದೊಡ್ಡವರಿಗೆ ಎರಡು ಗಂಟೆ ಸಾಲದು. ಮಕ್ಕಳು ಹಸಿ ಬಣ್ಣದ ಮೇಲೆ ಇನ್ನೊಂದು ಬಣ್ಣ ಎಳೆದು ಎಲ್ಲವೂ ಕೆಸರು ಬಣ್ಣವಾಗುತ್ತದೆ.

ಊಟ: ಮೊದಲು, ಕೊನೆಗೆ, ನಡುವೆ

ಊಟ ಮೊದಲು ಮುಗಿಸಿದರೆ ಮಕ್ಕಳು ಜೋಲುತ್ತಾರೆ, ಜಿಡ್ಡಿನ ತೊಂದರೆಯೂ ಇದೆ. ಪೂರ್ತಿ ಕೊನೆಗೆ ಇಟ್ಟರೆ ಹಸಿದ ಮಗು ಕುಂಚ ಬಿಸಾಡುತ್ತದೆ, ಅಡುಗೆಮನೆಯವರಿಗೂ ಅದೇ ಜನಸಂದಣಿಯ ಹೊತ್ತು. ನಡುವೆ ಇಡುವುದೇ ಸರಿ. 10:30ಕ್ಕೆ ಒಣ ತಿಂಡಿ ಅಥವಾ ಹಣ್ಣು, ಜಿಡ್ಡಿಲ್ಲದ್ದು. 10:45ರಿಂದ 11:45 ಕೆಲಸ. 11:20ಕ್ಕೆ ಒಬ್ಬರು ಎದ್ದುಹೋಗಿ ಊಟಕ್ಕೆ ಹೇಳಿ ಬರಬೇಕು, ಹನ್ನೊಂದು ಜನರ ಅಡುಗೆ 30–40 ನಿಮಿಷ ಹಿಡಿಯುತ್ತದೆ. 12ಕ್ಕೆ ಮೇಜು. 1ಕ್ಕೆ ಚೀಲ ಒಣಗಿರುತ್ತದೆ.

ಕೈ ತೊಳೆಯಲು ಕಾಲು ಗಂಟೆ ಬೇಕೇ ಬೇಕು. ಮಣ್ಣಿನ ಕೈಯನ್ನು ಮೊದಲು ಬಕೆಟ್‌ನಲ್ಲಿ ಅದ್ದಿ, ಆಮೇಲೆ ನಲ್ಲಿಗೆ ಹೋಗಿ; ನೇರ ನಲ್ಲಿಗೆ ಹೋದರೆ ಮಣ್ಣು ಕೊಳವೆಯಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಕುಂಚ ತೊಳೆಯುವ ನೀರನ್ನು ಅಗಲ ಬಾಯಿಯ ಡಬ್ಬದಲ್ಲಿಡಿ, ಕುಡಿಯುವ ನೀರನ್ನು ಮುಚ್ಚಳದ ಬಾಟಲಿಯಲ್ಲಿಡಿ. ಎರಡೂ ಲೋಟದಲ್ಲಿದ್ದರೆ ಮಕ್ಕಳು ತಪ್ಪಾಗಿ ಕುಡಿಯುತ್ತಾರೆ.

ಊಟವನ್ನು ಮನೆಮನೆಗೆ ಬೇರೆ ಬೇರೆ ಹೇಳುವುದಕ್ಕಿಂತ ಮಕ್ಕಳದ್ದು ಮೊದಲು, ದೊಡ್ಡವರದ್ದು ಹಂಚಿಕೊಳ್ಳುವಂತೆ ಹೇಳುವುದು ಒಳ್ಳೆಯದು. ದೊಡ್ಡವರಿಗೆ ಮೊದಲು ನಾಲ್ಕು ಜನರ ಪಾಲು ತರಿಸಿ, ಸಾಲದಿದ್ದರೆ ಮತ್ತೆ ಹೇಳಿ. ಯಾವ ಮಗುವಿಗಾದರೂ ಕಡಲೆಕಾಯಿ, ಹಾಲು, ಮೊಟ್ಟೆ ಆಗುವುದಿಲ್ಲವಾದರೆ ಅದನ್ನು ಅಡುಗೆಯವರಿಗೇ ತಲುಪಿಸಿ. ಒಂದೇ ಎಣ್ಣೆ, ಒಂದೇ ಸೌಟು ಬಳಸುತ್ತಾರೆಯೇ ಎಂದೂ ಕೇಳಿ. ಬಿಲ್ ಒಬ್ಬರೇ ಕೊಟ್ಟು, ದೊಡ್ಡವರಿಗೆ ಒಂದು ಪಾಲು, ಮಕ್ಕಳಿಗೆ ಅರ್ಧ ಪಾಲು ಎಂದು ಒಟ್ಟು 8.5 ಪಾಲಿಗೆ ಹಂಚಿದರೆ ಯಾರ ಮನಸ್ಸಿಗೂ ಕಸಿವಿಸಿ ಇಲ್ಲ.

ಊಟದ ಮೇಲೆ ಗ್ಯಾಲರಿಗೆ ಅರ್ಧ ಗಂಟೆ ಸಾಕು. ಸಂಜೆ ನಾಟಕವೋ ಸಂಗೀತವೋ ಇದ್ದರೆ ಚಿಕ್ಕವರೊಂದಿಗೆ ಓಡಾಡುವ ದಾರಿಯ ಬದಿಯ ಕುರ್ಚಿ ಹಿಡಿಯಿರಿ. ಸ್ಪೀಕರ್ ಎದುರಿನ ಸಾಲು ಬೇಡ.

ಹೊರಡುವ ಮುನ್ನ ಒದ್ದೆ ಬಟ್ಟಲಿನ ಅಡಿಯಲ್ಲಿ ಕಡ್ಡಿಯಿಂದ ಹೆಸರು, ತಾರೀಖು ಗೀರಿ. ಕಾಗದದ ಚೀಟಿ ಮಣ್ಣಿನ ತೇವಕ್ಕೆ ಕಳಚುತ್ತದೆ. ಚೀಲಗಳ ಅಚ್ಚಿನ ಮುಖಗಳು ಒಂದಕ್ಕೊಂದು ತಾಗದಂತೆ ನಡುವೆ ಕಾಗದ ಇಟ್ಟು ಸುತ್ತಿ. 24 ಗಂಟೆ ಬಿಟ್ಟು ಹಿಂಬದಿಯಿಂದ, ಹಬೆಯಿಲ್ಲದೆ, 3–5 ನಿಮಿಷ ಇಸ್ತ್ರಿ ಮಾಡಿ. ಮೂರು ದಿನ ಒಗೆಯಬೇಡಿ. ಸುಟ್ಟ ಮಡಕೆಗಳನ್ನು ತರಲು ಒಂದೇ ಮನೆಯವರನ್ನು ಗೊತ್ತುಮಾಡಿ, ರಸೀದಿಯ ಫೋಟೊ ಮೂರೂ ಮನೆಯ ಫೋನಿನಲ್ಲಿ ಇರಲಿ.