ಬೈಕ್ ಚೈನ್ ಕ್ಲೀನರ್–ಲ್ಯೂಬ್ ಸ್ಪ್ರೇ ಕಿಟ್: ಬಳ್ಳಾರಿಯ ಕೆಂಪು ದೂಳಿನಲ್ಲಿ ಬಳಸಿ ನೋಡಿದ ಮೇಲೆ

ಕಿಟ್‌ನಲ್ಲಿ ಇರೋದು ಮೂರೇ: ಕ್ಲೀನರ್ ಸ್ಪ್ರೇ, ಲ್ಯೂಬ್ (ಚೈನಿಗೆ ಹಾಕುವ ಜಾರೆಣ್ಣೆ) ಸ್ಪ್ರೇ, ಚೈನನ್ನು ಮೂರು ಕಡೆಯಿಂದ ಹಿಡಿಯುವ ಬ್ರಷ್. ಬ್ರಷ್‌ಗೆ 5ಕ್ಕೆ 4 ಕೊಡಬಹುದು, ಕ್ಲೀನರ್‌ಗೆ 2. ಲ್ಯೂಬ್‌ಗೆ ಬೆಂಗಳೂರಿನಲ್ಲಾದರೆ 4, ಸಂಡೂರು–ತೋರಣಗಲ್ಲು ರಸ್ತೆಯಲ್ಲಿ ದಿನಾ ಓಡಾಡುವ ಗಾಡಿಗೆ 1.

ಇಷ್ಟು ಅಂತರ ಯಾಕೆ ಅಂದರೆ ಅದಿರಿನ ದೂಳು. ಲಾರಿಗಳಿಂದ ಉದುರುವ ಆ ಕೆಂಪು ಪುಡಿ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಇದೇ ಆಕ್ಸೈಡನ್ನು ನುಣ್ಣಗೆ ಮಾಡಿ ಲೋಹ, ಗಾಜು ಪಾಲಿಶ್ ಮಾಡೋಕೆ ಬಳಸುತ್ತಾರೆ. ಸ್ಪ್ರೇ ಲ್ಯೂಬ್‌ನ ಹೆಗ್ಗಳಿಕೆಯೇ ಅಂಟು: ಚಕ್ರ ಎಷ್ಟು ಜೋರಾಗಿ ತಿರುಗಿದರೂ ಸಿಡಿಯಲ್ಲ. ಸ್ವಚ್ಛ ರಸ್ತೆಯಲ್ಲಿ ಅದು ಒಳ್ಳೇ ಗುಣ. ಇಲ್ಲಿ ಅದೇ ಅಂಟು ದೂಳನ್ನು ಹಿಡಿದಿಟ್ಟುಕೊಂಡು, ಚೈನಿನ ರೋಲರ್ ಮತ್ತು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲಿನ ನಡುವೆ ಅರೆಯುವ ಪೇಸ್ಟ್ ಆಗುತ್ತೆ. ಶಕ್ತಿನಗರದ ಕಡೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಗಿಣಿಗೇರಾ ಸುತ್ತ ಕಾರ್ಖಾನೆ ದೂಳು ಇದ್ದಲ್ಲೂ ಕಥೆ ಬೇರೆಯಲ್ಲ.

ಬದಲಿಗೆ ಏನು? 90 ನಂಬರ್ ಗೇರ್ ಆಯಿಲ್. ಒಂದು ಕ್ಯಾನ್ ಸ್ಪ್ರೇ ದುಡ್ಡಿಗೆ ಅರ್ಧ ಲೀಟರಿಗಿಂತ ಹೆಚ್ಚು ಬರುತ್ತೆ. ಇದು ಸಿಡಿಯುತ್ತೆ, ರಿಮ್ ಗಲೀಜಾಗುತ್ತೆ ಅನ್ನೋ ದೂರು ನಿಜ. ಆದರೆ ಸಿಡಿಯುವಾಗ ದೂಳನ್ನೂ ಸ್ವಲ್ಪ ಒಯ್ಯುತ್ತೆ. ರಿಮ್ ಒರೆಸೋದು ಚೈನ್ ಕಿಟ್ ಬದಲಿಸೋದಕ್ಕಿಂತ ಅಗ್ಗ.

ಚೈನ್ ಯಾವ ಜಾತಿದು ಅಂತ ಮೊದಲು ನೋಡಿಕೊಳ್ಳಿ. ಓ-ರಿಂಗ್ (ಲಿಂಕುಗಳ ನಡುವೆ ರಬ್ಬರ್ ಉಂಗುರ ಇರುವ) ಚೈನಿನಲ್ಲಿ ಪಿನ್ ಮತ್ತು ಅದರ ಸುತ್ತಲಿನ ಬುಷ್ ನಡುವಿನ ಗ್ರೀಸ್ ಕಂಪನಿಯಲ್ಲೇ ಸೀಲ್ ಆಗಿ ಬಂದಿರುತ್ತೆ. ನಾವು ಹಾಕುವ ಎಣ್ಣೆ ರೋಲರ್‌ಗೆ, ತುಕ್ಕು ತಡೆಯೋಕೆ, ರಬ್ಬರ್ ಒಣಗದಂತೆ ಇಡೋಕೆ ಅಷ್ಟೇ. ಸ್ಪ್ಲೆಂಡರ್ ತರಹದ ಗಾಡಿಯ ಸಾದಾ ಚೈನಿನಲ್ಲಿ ಎಣ್ಣೆ ಪಿನ್ ತನಕ ಇಳಿಯಲೇಬೇಕು. ದಪ್ಪ ಸ್ಪ್ರೇ ಹೊರಗೇ ಕೂರುತ್ತೆ, ಒಳಗೆ ಒಣಗಿಯೇ ಇರುತ್ತೆ. ಮೇಲಿಂದ ಮಿಂಚುವ ಚೈನ್ ಒಳಗೆ ಸವೆಯೋದು ಹೀಗೇ.

ಕ್ಲೀನರ್‌ಗೆ ಅಂಕ ಕಡಿಮೆ, ಯಾಕಂದರೆ ಅದರ ಕೆಲಸ ಸೀಮೆಎಣ್ಣೆಯೂ ಮಾಡುತ್ತೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ನಡೆಯುತ್ತೆ, ಕೊನೆಗೆ ಒಣಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಪೆಟ್ರೋಲ್ ಮಾತ್ರ ಬೇಡ, ಓ-ರಿಂಗ್ ಹಾಳಾಗುತ್ತೆ. ತಂತಿ ಬ್ರಷ್ಷೂ ಬೇಡ. ವಾಟರ್ ಸರ್ವಿಸ್‌ನವರು ಪ್ರೆಷರ್ ಗನ್ ಚೈನಿಗೆ ಹತ್ತಿರ ಹಿಡಿದರೆ ಕೂಡಲೇ ತಡೆಯಿರಿ. ಒರೆಸೋಕೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಹತ್ತಿರ ಸಿಗುವ ಕಟಿಂಗ್ ಚೂರು ಬನಿಯನ್ ವೇಸ್ಟ್‌ಗಿಂತ ಚೆನ್ನಾಗಿ ಉಜ್ಜುತ್ತೆ.

ಕೆಲಸದ ಕ್ರಮ: ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ಹಿಮ್ಮುಖ ತಿರುಗಿಸಿ. ಇಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ತಿರುಗಿಸುವವರ ಬೆರಳು ಉಳಿಯೋದು ಅದೃಷ್ಟದಿಂದ. ಸೀಮೆಎಣ್ಣೆ ಹಚ್ಚಿ ಬ್ರಷ್ ಮಾಡಿ, ಒರೆಸಿ, ಹದಿನೈದು ನಿಮಿಷ ಒಣಗಲು ಬಿಡಿ. ಆಮೇಲೆ ಸೂಜಿ ತೆಗೆದ 10 ಎಂಎಲ್ ಸಿರಿಂಜಿನಲ್ಲಿ ಗೇರ್ ಆಯಿಲ್ ಎಳೆದುಕೊಂಡು, ಕೆಳಗಿನ ಚೈನಿನ ಒಳಮೈ ಮೇಲೆ ಲಿಂಕಿನ ಎರಡೂ ಅಂಚಿಗೆ ಒಂದೊಂದು ಹನಿ. 110 ಲಿಂಕಿನ ಚೈನಿಗೆ 6ರಿಂದ 8 ಎಂಎಲ್ ಸಾಕು. ಚೈನ್ ತಿರುಗುವಾಗ ಎಣ್ಣೆ ತಾನೇ ಹೊರಕ್ಕೆ ಬರುತ್ತೆ, ಅದಕ್ಕೇ ಒಳಮೈಗೆ ಹಾಕೋದು. ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ, ಟೈರ್ ಮೇಲೆ ಹನಿ ಬಿದ್ದಿದ್ದರೆ ಸೋಪು ನೀರಿನಲ್ಲಿ ತೊಳೆಯಿರಿ. ಪೂರ್ತಿ ಕವರ್ ಇರುವ ಗಾಡಿಯಲ್ಲಿ ಚೈನ್ ನೋಡುವ ರಬ್ಬರ್ ಮುಚ್ಚಳ ತೆಗೆದು ಅಲ್ಲಿಂದಲೇ ಹಾಕಬಹುದು. ಆದರೆ ಸಿರುಗುಪ್ಪ, ಸಿಂಧನೂರು ಕಡೆಯ ಗದ್ದೆ ದಾರಿಯಲ್ಲಿ ಓಡಿದ್ದರೆ ಎರೆಮಣ್ಣು ಕವರ್ ಒಳಗೆ ಗಟ್ಟಿಯಾಗಿ ಕೂತಿರುತ್ತೆ, ಮಳೆಗಾಲ ಮುಗಿದ ಮೇಲೆ ಕವರ್ ಬಿಚ್ಚಲೇಬೇಕು.

ಅದಿರು ದಾರಿಯಲ್ಲಿ 300–400 ಕಿಮೀಗೆ ಒಮ್ಮೆ ಎಣ್ಣೆ, ಬೇರೆ ಕಡೆ 500. ಮಳೆಯಲ್ಲಿ ನೆನೆದರೆ ಅದೇ ದಿನ.

ಸ್ಲ್ಯಾಕ್ (ಚೈನ್ ಮೇಲೆ ಕೆಳಗೆ ಆಡುವ ಸಡಿಲ) ಅಳತೆ ಮ್ಯಾನುಯಲ್ ಹೇಳಿದ್ದೇ. ಸ್ಪ್ಲೆಂಡರ್ ತರಹದ ಬಹಳಷ್ಟು ಗಾಡಿಗಳಲ್ಲಿ 20–30 ಮಿಮೀ ಹತ್ತಿರ. ಚಕ್ರ ತಿರುಗಿಸುತ್ತಾ ಚೈನ್ ಎಲ್ಲಿ ಅತಿ ಬಿಗಿ ಅನಿಸುತ್ತೋ ಅಲ್ಲಿ ಅಳೆಯಿರಿ. ಬಿಗಿ ಜಾಸ್ತಿಯಾದರೆ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ಬೇರಿಂಗ್‌ಗೆ ಪೆಟ್ಟು. ಎರಡೂ ಕಡೆಯ ಅಡ್ಜಸ್ಟರ್ ಗುರುತು ಸಮ ಇರಬೇಕು. ಚಕ್ರ ಹಿಂದಕ್ಕೆ ಸರಿದಾಗ ಡ್ರಮ್ ಬ್ರೇಕಿನ ರಾಡ್ ಬಿಗಿಯಾಗುತ್ತೆ, ಇದನ್ನು ಮರೆಯುವವರೇ ಜಾಸ್ತಿ. ಬ್ರೇಕ್ ಪೆಡಲ್ಲಿನ ಸಡಿಲ ಮತ್ತೆ ಸರಿಮಾಡದಿದ್ದರೆ ಬ್ರೇಕ್ ಉಜ್ಜುತ್ತಾ ಡ್ರಮ್ ಬಿಸಿಯಾಗುತ್ತೆ, ಮೈಲೇಜೂ ಬೀಳುತ್ತೆ.

ಬದಲಿಸುವ ಹೊತ್ತು ತಿಳಿಯೋಕೆ ಸ್ಕೇಲ್ ಸಾಕು. 428 ಸೈಜಿನ ಚೈನಿನ ಪಿಚ್ (ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ ಇರುವ ದೂರ) 12.7 ಮಿಮೀ; ಚೈನ್ ಎಳೆದು ಹಿಡಿದು 20 ಪಿಚ್ ಅಳೆದರೆ ಹೊಸದು 254 ಮಿಮೀ. 259 ಮುಟ್ಟಿದರೆ ಮುಗಿಯಿತು. ಆಗ ಎರಡೂ ಸ್ಪ್ರಾಕೆಟ್ ಸೇರಿಸಿಯೇ ಬದಲಿಸಿ, ಹಳೇ ಹಲ್ಲಿಗೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹೋಗುತ್ತೆ. ಚೈನಿನ ಎರಡು ತುದಿ ಜೋಡಿಸುವ ಲಿಂಕಿನ ಲಾಕ್ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಲಿ.