ಧಾತು–ಸಂಯುಕ್ತ–ಮಿಶ್ರಣ ಕಿಟ್: ಸಾಮಾನು ಪರವಾಗಿಲ್ಲ, ಕೈಪಿಡಿ ನಂಬಬೇಡಿ

ಶಾಲೆ ಶುರುವಾಗುವ ಹೊತ್ತಿಗೆ ಕೋಲಾರದ ಸ್ಟೇಷನರಿ ಅಂಗಡಿಗಳಿಗೆ ಬರುವ ವಿಜ್ಞಾನ ಕಿಟ್‌ಗಳಲ್ಲಿ ಇದೂ ಒಂದು. ಒಂದೇ ಬಗೆಯ ಪರಮಾಣುಗಳಿರುವುದು ಧಾತು, ಧಾತುಗಳು ನಿಗದಿತ ಪಾಲಿನಲ್ಲಿ ಕೂಡಿ ಹೊಸ ಪದಾರ್ಥವಾದರೆ ಸಂಯುಕ್ತ, ಬರೀ ಬೆರೆತಿದ್ದರೆ ಮಿಶ್ರಣ; ಈ ವ್ಯತ್ಯಾಸ ಕಲಿಸುವುದು ಕಿಟ್‌ನ ಕೆಲಸ. ಡಬ್ಬದಲ್ಲಿ ಕಬ್ಬಿಣದ ಪುಡಿ, ಗಂಧಕ, ನವಸಾಗರ (ಅಮೋನಿಯಂ ಕ್ಲೋರೈಡ್), ಮೈಲುತುತ್ತ (ತಾಮ್ರದ ಸಲ್ಫೇಟ್), ತಾಮ್ರ ಮತ್ತು ಹಿತ್ತಾಳೆಯ ತುಂಡು, ಅಯಸ್ಕಾಂತ, ಫಿಲ್ಟರ್ ಪೇಪರ್, ಆಲಿಕೆ, ಟೆಸ್ಟ್ ಟ್ಯೂಬ್, ಸ್ಪಿರಿಟ್ ಲ್ಯಾಂಪ್, ವಿಂಗಡಿಸುವ ಚಿತ್ರದ ಕಾರ್ಡುಗಳು, ಜೊತೆಗೆ ಕನ್ನಡ ಕೈಪಿಡಿ. ಪುಡಿಗಳ ಬಗ್ಗೆ ದೂರಿಲ್ಲ. ಕೈಪಿಡಿಯಲ್ಲಿ ಬರೆದಂತೆ ಮಾಡಹೊರಟರೆ ಮಾತ್ರ ತಾಪತ್ರಯ.

ಕಬ್ಬಿಣ–ಗಂಧಕದ ಪ್ರಯೋಗವೇ ಈ ಡಬ್ಬದ ಜೀವಾಳ. ಬರೀ ಬೆರೆಸಿದಾಗ ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಂಡು ಹಳದಿ ಪುಡಿಯನ್ನು ಬಿಟ್ಟುಬಿಡುತ್ತದೆ. ಕಾಯಿಸಿದ ಮೇಲೆ ಎರಡೂ ಕೂಡಿ ಕಬ್ಬಿಣದ ಸಲ್ಫೈಡ್ ಎಂಬ ಕಪ್ಪು ಸಂಯುಕ್ತವಾಗುತ್ತದೆ, ಅದರಿಂದ ಕಬ್ಬಿಣವನ್ನು ಹಾಗೆ ಬೇರ್ಪಡಿಸಲು ಆಗುವುದಿಲ್ಲ. ಕೈಪಿಡಿಯ ಅಳತೆ ‘ಎರಡೂ ಒಂದೊಂದು ಚಮಚ’. ಎಡವಟ್ಟು ಇಲ್ಲೇ. ಇವು ಕೂಡುವುದು ತೂಕದಲ್ಲಿ 7ಕ್ಕೆ 4ರಂತೆ. ಪರಮಾಣು ರಾಶಿ 56 ಮತ್ತು 32. ಚಮಚದಲ್ಲಿ ಅಳೆದರೆ ಕಬ್ಬಿಣದ ತೂಕ ತೀರಾ ಹೆಚ್ಚಾಗುತ್ತದೆ. ಕೂಡದೆ ಉಳಿದದ್ದನ್ನು ಅಯಸ್ಕಾಂತ ಮತ್ತೆ ಹಿಡಿಯುತ್ತದೆ, ಮಕ್ಕಳು ‘ಇದೂ ಮಿಶ್ರಣ’ ಎಂದು ಬರೆದುಕೊಳ್ಳುತ್ತಾರೆ. ಕಿಟ್‌ನಲ್ಲಿ ತಕ್ಕಡಿ ಇಲ್ಲ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ 1.75 ಗ್ರಾಂ ಕಬ್ಬಿಣಕ್ಕೆ 1 ಗ್ರಾಂ ಗಂಧಕ ತೂಗಿ. ಸ್ವಲ್ಪ ಆವಿಯಾಗಿ ಹೋಗುವುದರಿಂದ 1.2 ಗ್ರಾಂ ಹಾಕಿದರೂ ನಡೆಯುತ್ತದೆ. ಅದಕ್ಕೂ ಹೆಚ್ಚು ಬೇಡ. ಉಳಿದ ಗಂಧಕ ಹೊತ್ತಿಕೊಂಡು ಸಲ್ಫರ್ ಡೈಆಕ್ಸೈಡ್ ಹೊಗೆ ಎದ್ದರೆ ಕೋಣೆಯಲ್ಲಿ ನಿಲ್ಲಲಾಗದು.

ಬಿಸಿ ತಾಳುವ ಬೋರೋಸಿಲಿಕೇಟ್ ಗಾಜಿನ ಟ್ಯೂಬನ್ನೇ ಬಳಸಿ, ಬಾಯಿಗೆ ಗ್ಲಾಸ್ ವೂಲ್ (ಹತ್ತಿಯಂಥ ಗಾಜಿನ ಎಳೆ) ತುರುಕಿ, ತಳದ ಒಂದೇ ಕಡೆ ಕಾಯಿಸಿ. ಕೆಂಡದ ಬಣ್ಣ ಕಂಡ ಕೂಡಲೇ ಉರಿ ತೆಗೆಯಿರಿ. ಆ ಕೆಂಪು ತಾನಾಗಿಯೇ ಮುಂದಕ್ಕೆ ಹಬ್ಬಬೇಕು. ಹೊಸ ಪದಾರ್ಥ ಹುಟ್ಟುವಾಗ ಶಾಖ ಹೊರಬರುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ತರಗತಿಯಲ್ಲಿ ಸಿಗುವುದು ಅಪರೂಪ. ಗಂಧಕ ಕರಗಿ ಕಂದು ಅಂಟಾಗಿ ನಿಂತುಬಿಟ್ಟರೆ ಸ್ಪಿರಿಟ್ ಲ್ಯಾಂಪಿನ ಉರಿ ಸಾಲುತ್ತಿಲ್ಲ ಎಂದರ್ಥ. ಲ್ಯಾಬಿನ ಗ್ಯಾಸ್ ಬರ್ನರ್ ಬೇಕು. ಟ್ಯೂಬು ಮತ್ತೆ ಬಳಕೆಗೆ ಬರುವುದಿಲ್ಲ, ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಒಡೆಯಬೇಕು.

ಆಮ್ಲವನ್ನು ಕಿಟ್‌ನಲ್ಲಿ ಕೊಟ್ಟಿಲ್ಲ, ಒಳ್ಳೆಯದೇ ಆಯಿತು. ಶಾಲೆಯ ಲ್ಯಾಬಿನಲ್ಲಿ ಸಲ್ಫೈಡಿನ ರಾಗಿ ಕಾಳಿನಷ್ಟು ಚೂರಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಸಾಕು, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ವಿಷಾನಿಲವಾದ್ದರಿಂದ ಕಿಟಕಿ ತೆರೆದಿರಲಿ. ಕಬ್ಬಿಣಕ್ಕೆ ಆಮ್ಲ ಹಾಕಿದರೆ ‘ವಾಸನೆ ಇಲ್ಲದ ಹೈಡ್ರೋಜನ್’ ಎನ್ನುತ್ತದೆ ಕೈಪಿಡಿ. ಮಾರುಕಟ್ಟೆಯ ಕಬ್ಬಿಣದಲ್ಲಿ ಇಂಗಾಲದಂಥವು ಬೆರೆತಿರುವುದರಿಂದ ಸಣ್ಣಗೆ ವಾಸನೆ ಇದ್ದೇ ಇರುತ್ತದೆ, ಗಾಬರಿ ಬೇಡ.

ಉಪ್ಪಿನಿಂದ ನವಸಾಗರ ಬೇರ್ಪಡಿಸುವಾಗ ಆವಿ ಹಿಡಿಯಲು ಕಾಯಿಸುವ ಬಟ್ಟಲ ಮೇಲೆ ಬೋರಲು ಹಾಕುವ ಆಲಿಕೆ ಪ್ಲಾಸ್ಟಿಕ್ಕಿನದು! ನವಸಾಗರ ಆವಿಯಾಗಲು 300 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಅಷ್ಟರಲ್ಲಿ ಆಲಿಕೆ ಕರಗಿರುತ್ತದೆ. ಗಾಜಿನದನ್ನು ಬೇರೆ ಕೊಳ್ಳಿ, ತುದಿಗೆ ಹತ್ತಿ ಇಡಿ, ಉರಿ ಸಣ್ಣದಿರಲಿ. ಮೈಲುತುತ್ತವನ್ನು ಕಾಯಿಸಿ ಬಿಳಿ ಮಾಡಿ, ನೀರು ಹನಿಸಿ ಮತ್ತೆ ನೀಲಿ ಮಾಡುವುದು ಕೈಪಿಡಿಯಲ್ಲಿ ಹೇಳಿದಂತೆಯೇ ಸರಿಯಾಗಿ ಆಗುತ್ತದೆ.

ಕಾರ್ಡುಗಳನ್ನು ಮಾತ್ರ ತಿದ್ದಿಯೇ ಬಳಸಬೇಕು. ಹಿತ್ತಾಳೆಯನ್ನು ‘ಸಂಯುಕ್ತ’ದ ಗುಂಪಿಗೆ ಹಾಕಿದ್ದಾರೆ. ತಾಮ್ರ, ಸತುವಿನ ಪಾಲು ಹೆಚ್ಚುಕಡಿಮೆ ಮಾಡಿದರೂ ಅದು ಹಿತ್ತಾಳೆಯೇ. ನಿಗದಿತ ಅನುಪಾತವಿಲ್ಲದ್ದು ಸಂಯುಕ್ತವಾಗದು, ಅದು ಸಮರೂಪ ಮಿಶ್ರಣ. ‘ಚಿನ್ನ – ಧಾತು’ ಎಂಬ ಕಾರ್ಡಿನಲ್ಲಿ ಸರದ ಚಿತ್ರ. 916 ಸರದಲ್ಲಿ ಶೇ. 91.6 ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಕೋಲಾರದಲ್ಲಿ ಮಾರುವ ಕೈಪಿಡಿಗೆ ಕೆಜಿಎಫ್ ನೆನಪಾಗದಿದ್ದುದು ಸೋಜಿಗ. 2001ರಲ್ಲಿ ಮುಚ್ಚಿದ ಆ ಗಣಿಯ ಅದಿರು ಬೆಣಚುಕಲ್ಲಿನಲ್ಲಿ ಚಿನ್ನ ಸೇರಿದ ಮಿಶ್ರಣ. ಅರೆದ ಅದಿರಿಗೆ ಸೈನೈಡ್ ದ್ರಾವಣ, ಗಾಳಿ ತಗುಲಿದಾಗ ಚಿನ್ನ ಸಂಯುಕ್ತವಾಗಿ ಕರಗುತ್ತದೆ. ಸತುವಿನ ಪುಡಿ ಹಾಕಿದರೆ ಧಾತುವಾಗಿ ಮರಳುತ್ತದೆ. ಮೂರೂ ಗುಂಪು ಒಂದೇ ಕಾರ್ಖಾನೆಯಲ್ಲಿ! ಊರಂಚಿನ ಸೈನೈಡ್ ದಿಬ್ಬಗಳು ಆ ಕೆಲಸದ ಗಸಿಯೇ.

ನೀರಿನ ಕಾರ್ಡಿಗೂ ಒಂದು ಪರೀಕ್ಷೆ ಸೇರಿಸಿ. ಕೊಳವೆ ಬಾವಿಯ ನೀರನ್ನು ಪಿಂಗಾಣಿ ಬಟ್ಟಲಲ್ಲಿ ಪೂರ್ತಿ ಇಂಗಿಸಿ, ಉಳಿಯುವ ಬಿಳಿ ಕಲೆ ನೋಡಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದು ಉಳಿಯದು. ಶುದ್ಧ ನೀರು ಸಂಯುಕ್ತ, ಕೊಳವೆ ಬಾವಿಯದು ಮಿಶ್ರಣ.

ಹೈಸ್ಕೂಲ್ ಶಿಕ್ಷಕರಿಗೆ ಈ ಕಿಟ್ ಕೊಂಡದ್ದಕ್ಕೆ ಮೋಸವಿಲ್ಲ; ಮಕ್ಕಳ ಕೈಗೆ ಒಂಟಿಯಾಗಿ ಕೊಡುವಂಥದ್ದಲ್ಲ. ಗಂಧಕ ಮುಗಿದರೆ ಮಾವಿನ ಬೂದಿ ರೋಗಕ್ಕೆ ಸಿಂಪಡಿಸುವ, ನೀರಿನಲ್ಲಿ ಕರಡುವ ಗಂಧಕವನ್ನು ಗೊಬ್ಬರದ ಅಂಗಡಿಯಿಂದ ತರಬೇಡಿ. ಸಾಮಾನ್ಯವಾಗಿ ಅದರಲ್ಲಿ ಗಂಧಕ ಶೇ. 80, ಉಳಿದದ್ದು ಬೇರೆ ಪುಡಿ. 7ಕ್ಕೆ 4ರ ಲೆಕ್ಕ ಕೆಡುತ್ತದೆ. ಲ್ಯಾಬ್ ಸಾಮಗ್ರಿ ಮಾರುವವರಲ್ಲಿ ‘ಸಲ್ಫರ್ ಪೌಡರ್’ ಎಂದೇ ಕೇಳಿ.