ಕೂಪು ರಸ್ತೆಗೆ ಒಂದು ಶಾಕಿನ ಸೈಕಲ್ಲೋ, ಎರಡು ಶಾಕಿನದ್ದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುಂದೆ ಮಾತ್ರ ಶಾಕ್, ಅಂದರೆ ಶಾಕ್ ಅಬ್ಸಾರ್ಬರ್, ಇರುವ ಸೈಕಲ್ಲಿಗೆ. ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವುದನ್ನು 19,000 ಕೊಟ್ಟು ಹೊಸದಾಗಿ ತಗೊಂಡು ಒಂದೂವರೆ ವರ್ಷ ಒದ್ದಾಡಿದ್ದೇನೆ. ಈಗ ಅದು ಕಾಫಿ ಗೋಡೌನಿನಲ್ಲಿ ಗೋಣಿಚೀಲದ ರಾಶಿಗೆ ಒರಗಿ ನಿಂತಿದೆ. ಅದರ ಜಾಗಕ್ಕೆ ಬಂದದ್ದು ಬೆಂಗಳೂರಿನ ಹುಡುಗನೊಬ್ಬ ಮಾರಿದ ಒಂದೇ ಶಾಕಿನ ಸೆಕೆಂಡ್ ಹ್ಯಾಂಡು, 28,000. ಹೊಸದಕ್ಕಿಂತ ಹಳೇದಕ್ಕೆ ಜಾಸ್ತಿ ಕೊಟ್ಟೆ ಅಂತ ಮನೆಯಲ್ಲಿ ಇನ್ನೂ ಬೈಯುತ್ತಾರೆ.

ನಾನು ಓಡಿಸುವುದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ, ತೋಟದ ಹಿಂದಿನ ಹಳೇ ಕೂಪು ರಸ್ತೆಯಲ್ಲಿ. ಹಿಂದೆ ಕಾಡಿನಲ್ಲಿ ಕಡಿದ ಮರ ಹೊತ್ತ ನಾಟಾ ಲಾರಿ ಓಡಾಡುತ್ತಿದ್ದ ದಾರಿ. ಲೋಡ್ ಲಾರಿ ಹತ್ತಬೇಕಿತ್ತಲ್ಲ, ಹಾಗಾಗಿ ಏರು ಎಲ್ಲೂ ವಿಪರೀತ ಕಡಿದಾಗಿಲ್ಲ, ತಿರುವುಗಳೂ ಅಗಲ. ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಲಾರಿ ನಿಂತ ಮೇಲೆ ಮೋರಿ ಕಟ್ಟಿಕೊಂಡರೆ ಬಿಡಿಸುವವರಿಲ್ಲ. ಮಳೆ ನೀರು ರಸ್ತೆ ಮೇಲೇ ಹರಿದು, ಮಣ್ಣೆಲ್ಲ ತೊಳೆದುಹೋಗಿ, ರಸ್ತೆಯ ತಳಕ್ಕೆ ಹಾಸಿದ ಸೋಲಿಂಗ್ ಕಲ್ಲು ಅಲ್ಲಲ್ಲಿ ಎದ್ದು ಕೂತಿದೆ. ಎರಡು ಕಡೆ ಚಕ್ರದ ಜಾಡು, ನಡುವೆ ಹುಲ್ಲು, ಹುಲ್ಲಿನಲ್ಲಿ ಇಂಬಳ, ಅಂದರೆ ಜಿಗಣೆ. 6 ಕಿಲೋಮೀಟರ್ ಆದ ಮೇಲೆ ಮೀಸಲು ಅರಣ್ಯದ ಗೇಟು ಬರುತ್ತದೆ. ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಅಲ್ಲಿಂದಲೇ ವಾಪಸ್.

ಆ ಕಲ್ಲು ನೋಡಿಯೇ ನಾನು ಎರಡು ಶಾಕ್ ಬೇಕು ಅಂದುಕೊಂಡದ್ದು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಒಳ್ಳೆಯ ಎರಡು ಶಾಕಿನ ಸೈಕಲ್ಲು ಇಲ್ಲ ಅಂತಲ್ಲ, ಆದರೆ ಆ ದುಡ್ಡಿಗೆ ಮೋಟರ್ ಬೈಕೇ ಬರುತ್ತದೆ. ನನ್ನದರ ಹಿಂದಿನ ಶಾಕಿನಲ್ಲಿ ಇದ್ದದ್ದು ಬರೀ ಸ್ಪ್ರಿಂಗು. ಅದು ಎಗರುವುದನ್ನು ಹಿಡಿದು ನಿಧಾನ ಮಾಡುವ ಎಣ್ಣೆ ಗಿಣ್ಣೆ ಏನೂ ಇಲ್ಲ. ಕಲ್ಲಿನ ಮೇಲೆ ಇಳಿಯುವಾಗ ಕುಗ್ಗುತ್ತದೆ, ಮರುಕ್ಷಣ ಸೀಟಿನಿಂದ ಒದೆಯುತ್ತದೆ. ಏರಿನಲ್ಲಿ ಒಂದೊಂದು ತುಳಿತಕ್ಕೂ ಸೈಕಲ್ಲು ಕೂತು ಏಳುತ್ತದೆ, ನಿಮ್ಮ ಕಾಲಿನ ಶಕ್ತಿ ಸ್ಪ್ರಿಂಗ್ ಒತ್ತುವುದಕ್ಕೇ ಹೋಗುತ್ತದೆ. ಮೇಲಿಂದ 18 ಕೆಜಿ ತೂಕ. ದಾರಿಗೆ ಅಡ್ಡ ಮರ ಬಿದ್ದಿದ್ದರೆ ಎತ್ತಿ ದಾಟಿಸುವಾಗ ಸೊಂಟ ನೆನಪಾಗುತ್ತದೆ. ಈಗಿನದು 14 ಕೆಜಿ.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಿಕ್ಕೆ ಆಗದೇ ಇದ್ದದ್ದು ಹ್ಯಾಂಗರ್.

ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ, ಎರಡು ಬೆರಳಗಲದ ಅಲ್ಯೂಮಿನಿಯಂ ತುಂಡು ಅದು. ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ, ಪೆಟ್ಟು ಬಿದ್ದರೆ ಫ್ರೇಮಿನ ಬದಲು ಅದೇ ಮುರಿಯಲಿ ಅಂತ. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಹೊರಟಿದ್ದೆ. ಹುಲ್ಲಿನಲ್ಲಿದ್ದ ಒಂದು ಒಣ ಕೋಲು ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿ, ಡಿರೈಲರನ್ನೇ ಎಳೆದು ಚಕ್ರದೊಳಗೆ ತುರುಕಿತು. ಹ್ಯಾಂಗರ್ ಎಲೆಯ ಹಾಗೆ ಮಡಚಿಕೊಂಡಿತ್ತು. ಐದು ಕಿಲೋಮೀಟರ್ ತಳ್ಳಿಕೊಂಡು ಬಂದೆ, ಸಾಕ್ಸ್ ಬಿಚ್ಚಿದರೆ ಹನ್ನೊಂದು ಇಂಬಳ.

ಹಾಸನದ ಒಂದು ಅಂಗಡಿಯಲ್ಲಿ ಸ್ಪ್ಯಾನರ್ ಹಾಕಿ ನೆಟ್ಟಗೆ ಮಾಡಲು ನೋಡಿದರು. ಟಕ್ ಅಂತ ಎರಡು ತುಂಡು. ಹೊಸದು ಕೊಡಿ ಅಂದರೆ ಇಲ್ಲ, ಯಾಕೆಂದರೆ ಒಂದೊಂದು ಫ್ರೇಮಿಗೂ ಒಂದೊಂದು ಆಕಾರದ ಹ್ಯಾಂಗರ್. 2019ರಲ್ಲಿ ಸೈಕಲ್ ಬಿಡಿಭಾಗ ಮಾಡುವ ಸ್ರಾಮ್ ಕಂಪನಿ ಎಲ್ಲ ಫ್ರೇಮಿಗೂ ಹೊಂದಲಿ ಅಂತ ಒಂದೇ ಅಳತೆಯದ್ದನ್ನು ತಂದಿತು, ಆದರೆ 19,000ದ ಸೈಕಲ್ಲಿನ ತನಕ ಅದು ಎಲ್ಲಿ ಬರಬೇಕು! ಮಾರಿದವರಿಗೆ ಫೋನ್ ಮಾಡಿದೆ. ಆ ಮಾಡೆಲ್ ನಿಂತುಹೋಗಿದೆ ಸಾರ್, ಅಂದರು.

ಆಮೇಲೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿ ಮಾಡುವ ನಮ್ಮ ಲೇತಿನವನ ಹತ್ತಿರ ಹೋದೆ. ತುಂಡುಗಳನ್ನು ಜೋಡಿಸಿ ನೋಡಿ, ಕಬ್ಬಿಣದ ಪಟ್ಟಿಯಲ್ಲಿ ಅದೇ ಆಕಾರ ಅರ್ಧ ಗಂಟೆಯಲ್ಲಿ ಕತ್ತರಿಸಿದ. ನೋಡಲು ಚೆನ್ನಾಗಿಯೇ ಇತ್ತು. ಬೋಲ್ಟು ತಿರುಗಿಸಿದರೆ ಒಂದು ಸುತ್ತಿಗೇ ಕಚ್ಚಿಕೊಂಡಿತು. ಡಿರೈಲರ್ ಬೋಲ್ಟು 10 ಮಿಲಿಮೀಟರ್ ದಪ್ಪ, ಅದರ ಥ್ರೆಡ್ಡಿನ ಸುತ್ತಿನಿಂದ ಸುತ್ತಿಗೆ ಇರುವ ದೂರ, ಅಂದರೆ ಪಿಚ್ಚು, 1 ಮಿಲಿಮೀಟರ್. ಅವನ ಹತ್ತಿರ ಇದ್ದ ಟ್ಯಾಪು, ಅಂದರೆ ತೂತಿನೊಳಗೆ ಥ್ರೆಡ್ಡು ಕೊರೆಯುವ ಉಪಕರಣ, ಮಾಮೂಲಿ 1.5ರದ್ದು. "ಇದು ಫೈನ್ ಥ್ರೆಡ್ಡು ಕಣಣ್ಣ, ಹಾಸನದಿಂದ ಟ್ಯಾಪು ತರಿಸ್ಬೇಕು" ಅಂದ. ಟ್ಯಾಪು ಇವತ್ತಿಗೂ ಬಂದಿಲ್ಲ. ಬಂದಿದ್ದರೂ ಕಷ್ಟವೇ, ಕಬ್ಬಿಣದ್ದು ಮುರಿಯುವುದಿಲ್ಲ, ಮುಂದಿನ ಪೆಟ್ಟಿಗೆ ಫ್ರೇಮೇ ಹೋಗುತ್ತಿತ್ತು.

ಸರಿ, ಡಿರೈಲರ್ ಕಿತ್ತು ಚೈನು ಗಿಡ್ಡ ಮಾಡಿ ಒಂದೇ ಗೇರಿನಲ್ಲಿ ಓಡಿಸೋಣ ಅಂತ ನೋಡಿದೆ. ಅದೂ ಆಗಲಿಲ್ಲ! ಸ್ಪ್ರಿಂಗ್ ಕುಗ್ಗಿದಾಗಲೆಲ್ಲ ಹಿಂದಿನ ಚಕ್ರಕ್ಕೂ ಪೆಡಲಿಗೂ ಇರುವ ದೂರ ಬದಲಾಗುತ್ತದೆ. ಚೈನು ಒಮ್ಮೆ ಬಿಗಿ, ಒಮ್ಮೆ ಸಡಿಲ, ತೋಟದ ಗೇಟು ದಾಟುವ ಮೊದಲೇ ಕಳಚಿಕೊಂಡಿತು.

ಈಗಿನ ಸೈಕಲ್ಲಿನಲ್ಲೂ ಕಳೆದ ಡಿಸೆಂಬರಿನಲ್ಲಿ ಹ್ಯಾಂಗರ್ ಮುರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೊಳ್ಳುವ ಮೊದಲೇ ಆ ಹುಡುಗನಿಗೆ ನಾನು ಕೇಳಿದ ಮೊದಲ ಪ್ರಶ್ನೆಯೇ ಹ್ಯಾಂಗರ್ ಎಲ್ಲಿ ಸಿಗುತ್ತದೆ ಅಂತ. ಎರಡು ತರಿಸಿ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿದ್ದೆ. ರಸ್ತೆ ಬದಿಯಲ್ಲೇ ಎಲ್ ಕೀ ಹಾಕಿ ಬದಲಾಯಿಸಿದೆ, ಕಾಲು ಗಂಟೆ ಹಿಡಿಯಿತು.

ಬ್ರೇಕು: ಹಳೇದರದ್ದು ವೈರಿನ ಡಿಸ್ಕು, ಇದರದ್ದು ಎಣ್ಣೆಯದ್ದು. ಇಳಿಜಾರಿನಲ್ಲಿ ಒಂದು ಬೆರಳು ಸಾಕು.

ಟೈರು: ನಿಜವಾದ ಶಾಕ್ ಇದೇ ಅಂತ ತಡವಾಗಿ ಗೊತ್ತಾಯಿತು. ಟ್ಯೂಬ್ ಇದ್ದಾಗ ಗಾಳಿ ಕಮ್ಮಿ ಮಾಡಿದರೆ ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬು ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತಿತ್ತು. ಹಾಗಾಗಿ 35 ಪಿಎಸ್ಐ ಕಲ್ಲಿನ ಹಾಗೆ ತುಂಬಿಸುತ್ತಿದ್ದೆ. ಈಗಿನದ್ದಕ್ಕೆ 2.3 ಇಂಚಿನ ಟ್ಯೂಬ್‌ಲೆಸ್ ಇದೆ, 70 ಕೆಜಿಯ ನನಗೆ 24 ಸಾಕು. ಬಿದಿರು ಮುಳ್ಳು ಚುಚ್ಚಿದರೂ ಒಳಗಿರುವ ಸೀಲೆಂಟ್ ಅನ್ನುವ ದ್ರವ ತೂತನ್ನು ತಾನೇ ಮುಚ್ಚುತ್ತದೆ. ಅದೇ ಸೋಲಿಂಗ್ ಕಲ್ಲು, ಅರ್ಧಕ್ಕರ್ಧ ಮೆತ್ತಗಾಗಿದೆ.

ಹಳೇದಕ್ಕೆ ಒಂದು ಮಾರ್ಕು ಕೊಡಲೇಬೇಕು. ಹಿಂದಿನ ಕೀಲು ಊರಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಆನೆ ಓಡಾಡುವ ಜಾಗದಲ್ಲಿ ಅದು ಲಾಭವೇ. ಈಗಿನದು ಸದ್ದೇ ಮಾಡುವುದಿಲ್ಲ, ಅದಕ್ಕೆ ತಿರುವಿಗೊಮ್ಮೆ ಬೆಲ್ಲು ಹೊಡೆಯುತ್ತೇನೆ. ಹೊರಡುವ ಮೊದಲು ವಾಟ್ಸಾಪಿನಲ್ಲಿ ಆನೆ ಎಲ್ಲಿದೆ ಅಂತ ನೋಡಿಕೊಂಡು, ಬೆಳಿಗ್ಗೆ ಎಂಟರ ಮೇಲೇ ಹೊರಡುತ್ತೇನೆ.

ನಾನು ವಾರಕ್ಕೆರಡು ಸಲ, ಒಬ್ಬನೇ ಹೋಗುವವನು. ರಿಪೇರಿಗೆ ಹಾಸನಕ್ಕೆ ಓಡುವ ಪುರುಸೊತ್ತಿಲ್ಲ. 30,000ದ ಒಳಗೆ ನನ್ನ ಲೆಕ್ಕ ಇಷ್ಟೇ: ಹಿಂದಿನ ಶಾಕಿಗೆ ಹಾಕುವ ದುಡ್ಡನ್ನು ಟೈರಿಗೂ ಬ್ರೇಕಿಗೂ ಹಾಕಿ, ಹ್ಯಾಂಗರ್ ಎರಡು ಜಾಸ್ತಿ ಇಟ್ಟುಕೊಳ್ಳಿ. ಅಣ್ಣನ ಮಗ ಆ ಹಳೇದನ್ನು ಕೇಳುತ್ತಿದ್ದಾನೆ. ಟ್ಯಾಪು ಬರಲಿ ಕಣೋ, ಅಂದಿದ್ದೇನೆ.